ಹಿತ್ತಲ ಖೋಲಿ ಬೇಡ ಎಂದ ಹವಾಲ್ದಾರರು: ಹಳೇ ಮನೆಯೊಂದನ್ನು ವೀಲ್‌ಚೇರ್‌ಗೆ ಹೊಂದಿಸಿದ ಪ್ರಕರಣ

ಗಾಯಗೊಂಡು ಊರಿಗೆ ಮರಳುವ ಸೈನಿಕರಿಗೆ ನಾವು ಹಾರ ಹಾಕುತ್ತೇವೆ, ಮೆರವಣಿಗೆ ಮಾಡುತ್ತೇವೆ. ಆಮೇಲೆ ಅವರು ಯಾವ ಬಾಗಿಲಿನಿಂದ ಮನೆಯೊಳಗೆ ಹೋಗುತ್ತಾರೆ, ಬೆಳಿಗ್ಗೆ ಸಂಡಾಸಿಗೆ ಹೇಗೆ ಹೋಗುತ್ತಾರೆ ಅಂತ ಕೇಳುವವರು ಕಡಿಮೆ. ನಾನು ಗದಗದಲ್ಲಿ ಸಿವಿಲ್ ಎಂಜಿನಿಯರ್. ಮನೆ ರಿಪೇರಿ, ಹೊಸ ಮನೆ, ಸಣ್ಣಪುಟ್ಟ ಕೆಲಸ ಮಾಡಿಸುತ್ತೇನೆ. ಇಲ್ಲಿ ಬರೆಯುತ್ತಿರುವುದು ಒಂದೇ ಮನೆಯ ಕೆಲಸದ ಬಗ್ಗೆ. ಇಂಥ ಕೆಲಸ ಕೈಗೆತ್ತಿಕೊಳ್ಳುವ ಮನೆಯವರಿಗೆ, ಗೌಂಡಿಗಳಿಗೆ, ನನ್ನಂಥ ಎಂಜಿನಿಯರುಗಳಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಹೆಸರು, ಊರು, ರೆಜಿಮೆಂಟ್ ಯಾವುದನ್ನೂ ಹೇಳುವುದಿಲ್ಲ. ಅವರನ್ನು ಹವಾಲ್ದಾರರು ಅಂತಲೇ ಕರೆಯುತ್ತೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಹಿನ್ನೆಲೆ

ಅವರದು ರೋಣ-ನರಗುಂದದ ಕಡೆಯ ಒಂದು ಹಳ್ಳಿ, ಎರಿಭೂಮಿ, ಅಂದರೆ ಕಪ್ಪು ಮಣ್ಣಿನ ಸೀಮೆ. ಹವಾಲ್ದಾರರಿಗೆ ಆಗ ನಲವತ್ತರ ಹತ್ತಿರದ ವಯಸ್ಸು. ಗಡಿ ಭಾಗದ ಗುಡ್ಡದ ರಸ್ತೆಯಲ್ಲಿ ಅವರಿದ್ದ ವಾಹನ ಕೆಳಗೆ ಉರುಳಿತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಶಕ್ತಿಯೂ ಹೋಯಿತು, ಸ್ಪರ್ಶವೂ ಹೋಯಿತು. ಮಿಲಿಟರಿ ಆಸ್ಪತ್ರೆಯ ಚಿಕಿತ್ಸೆ ಮುಗಿದ ಮೇಲೆ ಪುಣೆಯ ಖಡಕಿಯಲ್ಲಿರುವ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರಕ್ಕೆ ಹೋದರು. 1974ರಿಂದ ಬೆನ್ನುಹುರಿ ಗಾಯದ ಸೈನಿಕರನ್ನು ನೋಡಿಕೊಳ್ಳುತ್ತಿರುವ ಸಂಸ್ಥೆ ಅದು. ಅಲ್ಲಿ ಅವರು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ತೋಳಬಲದಿಂದ ದಾಟುವುದನ್ನು ಕಲಿತರು. ಮೂತ್ರ ಹೊರತೆಗೆಯುವ ನಳಿಕೆಯನ್ನು (ಕ್ಯಾಥೆಟರ್) ತಾವೇ ಹಾಕಿಕೊಳ್ಳುವುದನ್ನು ಕಲಿತರು. ಚರ್ಮ ಕೆಂಪಾಗಿದೆಯಾ ಅಂತ ಕನ್ನಡಿಯಲ್ಲಿ ನೋಡಿಕೊಳ್ಳುವುದು, ಆಗಾಗ ತೋಳೂರಿ ಮೈ ಎತ್ತಿ ಕೂತ ಜಾಗದ ಒತ್ತಡ ಇಳಿಸುವುದು, ಎಲ್ಲಾ ರೂಢಿಯಾಯಿತು. ಅಲ್ಲಿಂದ ಹೊರಡುವಾಗ ಒಂದಿಡೀ ದಿನವನ್ನು ಯಾರ ಸಹಾಯವೂ ಇಲ್ಲದೆ ಕಳೆಯುತ್ತಿದ್ದರು.

ಊರಿಗೆ ಬಂದ ಮೇಲೆ ಅದರಲ್ಲಿ ಒಂದು ಕೆಲಸವೂ ಅವರಿಂದ ಆಗಲಿಲ್ಲ. ತೋಳು ಅವೇ, ಕುರ್ಚಿ ಅದೇ. ಬದಲಾದದ್ದು ನೆಲ ಮಾತ್ರ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ.

ಮನೆ ನಮ್ಮ ಕಡೆಯ ಹಳೇ ಮಾದರಿಯದು. ಕಲ್ಲು ಮಣ್ಣಿನ ಎರಡಡಿ ದಪ್ಪದ ಗೋಡೆ, ಮೇಲ್ಮುದ್ದಿ (ಮಣ್ಣು ಹೊದಿಸಿದ ಚಾವಣಿ) ಮಾಳಿಗೆ, ತೊಲೆ, ಜಂತಿ, ಕಂಬ. ರಸ್ತೆಯಿಂದ 2 ಅಡಿ ಎತ್ತರಕ್ಕೆ ಕಟ್ಟೆ. ಆಮೇಲೆ ತಲಬಾಗಿಲು, ಅದಕ್ಕೆ 5 ಇಂಚಿನ ಹೊಸ್ತಿಲು. ಒಳಗೆ ಕಾಲಿಟ್ಟರೆ ದನ ಕಟ್ಟುವ ಜಾಗ, ಗೋದಲಿ. ಅಲ್ಲಿಂದ ಮತ್ತೆ ಒಂದೂವರೆ ಅಡಿ ಎತ್ತರದಲ್ಲಿ ಪಡಸಾಲೆ. ಪಡಸಾಲೆಯಿಂದ ಅಡಿಗೆ ಮನೆ, ದೇವರ ಕೋಣೆ, ಅಡಿಗೆ ಮನೆಯ ಮೂಲಕ ಬಚ್ಚಲು. ಒಳಬಾಗಿಲುಗಳ ಅಗಲ ಎರಡೂಕಾಲು ಅಡಿ. ಸಂಡಾಸು ಹಿತ್ತಲಲ್ಲಿ, ಮೆಟ್ಟಿಲು ಇಳಿದು ಹೋಗಬೇಕು. ನಡೆಯುವವರು ಈ ಮನೆಯಲ್ಲಿ ದಿನಕ್ಕೆ ನೂರು ಸಲ ಹತ್ತಿ ಇಳಿದರೂ ಎತ್ತರ ಬೇರೆ ಬೇರೆ ಇದೆ ಅಂತ ಅವರ ಗಮನಕ್ಕೇ ಬರುವುದಿಲ್ಲ.

ನಾನು ಹೋಗುವ ಮೊದಲು ಆಗಿದ್ದು

ಹವಾಲ್ದಾರರ ತಮ್ಮ ಒಳ್ಳೆಯ ಮನುಷ್ಯ, ಅಣ್ಣನಿಗಾಗಿ ಏನು ಮಾಡಲೂ ತಯಾರಿದ್ದರು. ಯಾರೋ ಕಳಿಸಿದ ವಿಡಿಯೊಗಳಲ್ಲಿ ಅಮೆರಿಕದ ಗಾಯಾಳು ಸೈನಿಕರಿಗೆ ಕಟ್ಟಿಕೊಟ್ಟ ಮನೆಗಳನ್ನು ನೋಡಿದ್ದರು. ಅಗಲವಾದ ಬಾಗಿಲು, ಒಂದೇ ಮಟ್ಟದ ನೆಲ, ಕೆಳಗಿಳಿಯುವ ಅಡಿಗೆ ಕಟ್ಟೆ. ಅಣ್ಣನಿಗೂ ಹಾಗೇ ಒಂದು ಬೇಕು ಅನಿಸಿತು. ಆ ಮನೆಗಳ ಹಿಂದೆ ಏನಿದೆ ಅನ್ನುವುದು ವಿಡಿಯೊದಲ್ಲಿ ಕಾಣುವುದಿಲ್ಲ. ಅಲ್ಲಿ ಗಾಯಾಳು ಸೈನಿಕರ ಮನೆಗೆ ಅಂತಲೇ 1948ರಿಂದ ಸರ್ಕಾರದ ಅನುದಾನ ಇದೆ. ವಿಡಿಯೊದಲ್ಲಿದ್ದವು ಖಾಲಿ ಜಾಗದಲ್ಲಿ ಬುಡದಿಂದ ಕಟ್ಟಿದ ಹೊಸ ಮನೆಗಳು. ಇಲ್ಲಿ ಇದ್ದದ್ದು ಅಜ್ಜನ ಕಾಲದ ಮನೆ, ಹಿತ್ತಲಲ್ಲಿ ಒಂದಿಷ್ಟು ಜಾಗ, ಮತ್ತು ಕೈಗೆ ಬಂದಿದ್ದ ಒಂದು ಗಂಟು ಹಣ.

ಆ ಹಣದ ಬಹುಪಾಲು ಹಿತ್ತಲಲ್ಲಿ ಹೊಸ ಖೋಲಿ ಕಟ್ಟಲು ಹೋಯಿತು. ಗುತ್ತಿಗೆದಾರ ‘ಎಲ್ಲಾ ಸೌಲಭ್ಯ’ ಅಂತ ಹೇಳಿ ಕಟ್ಟಿದ. ಮೇಲೆ ತಗಡು. ಒಳಗೆ ನುಣ್ಣನೆಯ ಟೈಲ್ಸ್. ಕಮೋಡ್ ಇತ್ತು, ಆದರೆ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಕುರ್ಚಿ ಒಳಗೆ ಹೋದರೆ ಬಾಗಿಲು ಮುಚ್ಚಲು ಬರುತ್ತಿರಲಿಲ್ಲ. ಹಿಡಿಕೆ ರಾಡನ್ನು ತೆಳು ಗೋಡೆಗೆ ಪ್ಲಾಸ್ಟಿಕ್ ಗಟ್ಟ ಹಾಕಿ ಕೂರಿಸಿದ್ದರು. ಮೊದಲ ವಾರಗಳಲ್ಲೇ ಅದು ಅವರ ಭಾರಕ್ಕೆ ಕಿತ್ತು ಬಂತು. ಪುಣ್ಯಕ್ಕೆ ಹೆಂಡತಿ ಪಕ್ಕದಲ್ಲೇ ಇದ್ದರು. ಮಂಚ ಶೋಕೇಸಿನ ಹಾಗೆ ಎತ್ತರ, ಕೆಳಗೆ ಸಾಮಾನು ಇಡುವ ಡ್ರಾಯರ್ ಬೇರೆ. ಕುರ್ಚಿಯಿಂದ ಅದಕ್ಕೆ ದಾಟುವುದೆಂದರೆ ಗುಡ್ಡ ಹತ್ತಿದಂತೆ.

ಬೇಸಿಗೆ ಬಂತು. ಗದಗಿನ ಏಪ್ರಿಲ್ ಬಿಸಿಲಲ್ಲಿ ತಗಡಿನ ಕೆಳಗೆ ಮಧ್ಯಾಹ್ನ ಕೂರುವುದು ಯಾರಿಗೂ ಕಷ್ಟ. ಬೆನ್ನುಹುರಿ ಗಾಯ ಆದವರಿಗೆ ಇನ್ನೂ ಕಷ್ಟ. ಗಾಯದ ಕೆಳಗಿನ ಭಾಗ ಸರಿಯಾಗಿ ಬೆವರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಇತ್ತ ಹಳೇ ಮಾಳಿಗೆ ಮನೆಯ ಪಡಸಾಲೆ ತಂಪಾಗಿ ಇರುತ್ತಿತ್ತು, ಆದರೆ ಅಲ್ಲಿಗೆ ಹೋಗಲು ಇಬ್ಬರು ಕುರ್ಚಿ ಎತ್ತಬೇಕು.

ಮುಂದಿನ ಬಾಗಿಲಿಗೂ ಒಂದು ರ‍್ಯಾಂಪ್ ಮಾಡಿಸಿದ್ದರು. 2 ಅಡಿ ಎತ್ತರಕ್ಕೆ 8 ಅಡಿ ಉದ್ದ, ನೇರ ರಸ್ತೆಗೆ ಇಳಿಯುವಂಥದ್ದು. ಅಷ್ಟು ಕಡಿದಾದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಇಳಿಯುವಾಗ ಹಿಡಿತ ತಪ್ಪುತ್ತದೆ. ಸಾಲದ್ದಕ್ಕೆ ಅದನ್ನು ಎರಿ ಮಣ್ಣಿನ ಮೇಲೆ ಸುಮ್ನೆ ಕಲ್ಲು ಪೇರಿಸಿ, ಕಾಂಕ್ರೀಟ್ ಸುರಿದು ಕಟ್ಟಿದ್ದರು. ನಮ್ಮ ಎರಿ ಮಣ್ಣಿನ ಗುಣ ಗೊತ್ತಲ್ಲ. ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಒಂದು ಮಳೆಗಾಲ ದಾಟುವುದರೊಳಗೆ ರ‍್ಯಾಂಪ್ ಕಟ್ಟೆಯಿಂದ ಬಿಟ್ಟುಕೊಂಡು ನಡುವೆ ಸಂದು ಬಿತ್ತು. ಕುರ್ಚಿಯ ಮುಂದಿನ ಸಣ್ಣ ಗಾಲಿ ಆ ಸಂದಿಗೆ ಸಿಕ್ಕಿ ಹವಾಲ್ದಾರರು ಮುಂದಕ್ಕೆ ಮುಗ್ಗರಿಸಿದರು. ಅಂದಿನಿಂದ ಮುಂಬಾಗಿಲಿನ ಕಡೆ ಹೋಗುವುದನ್ನೇ ಬಿಟ್ಟರು.

ಒಂದು ವರ್ಷ ಹೆಚ್ಚೂಕಡಿಮೆ ಹಿತ್ತಲ ಖೋಲಿಯಲ್ಲೇ ಮಲಗಿ ಕಳೆಯಿತು. ಕುಂಡಿಯ ಮೇಲೆ ಹಾಸಿಗೆ ಹುಣ್ಣಾಯಿತು. ಒಮ್ಮೆ ತಾಯಿ ಸ್ನಾನಕ್ಕೆ ಹಂಡೆಯ ನೀರು ಹಾಕುವಾಗ ಕಾಲಿನ ಮೇಲೆ ಬೊಬ್ಬೆ ಎದ್ದಿತು. ಸ್ಪರ್ಶ ಇಲ್ಲದ ಕಾರಣ ಅವರಿಗೆ ಬಿಸಿ ಗೊತ್ತೇ ಆಗಿರಲಿಲ್ಲ. ತಾಯಿ ಆ ದಿನ ಊಟ ಮಾಡಲಿಲ್ಲವಂತೆ.

ಕೇಳಬೇಕಾಗಿದ್ದ ಪ್ರಶ್ನೆ

ತಮ್ಮ ನನ್ನನ್ನು ಕರೆದದ್ದು ಹಿತ್ತಲ ಖೋಲಿಗೆ ಆರ್‌ಸಿಸಿ ಚಾವಣಿ ಹಾಕಿಸಲು. ನಾನು ಅಳತೆ ತೆಗೆಯುತ್ತಿದ್ದೆ. ಹವಾಲ್ದಾರರು ಮಂಚದ ಮೇಲಿಂದ ನೋಡುತ್ತಿದ್ದರು. ಅವರ ಜೊತೆ ಹುಬ್ಬಳ್ಳಿಯ ಒಬ್ಬ ಫಿಜಿಯೊಥೆರಪಿಸ್ಟ್ ಇದ್ದರು, ಹುಣ್ಣಿನ ಕಾರಣಕ್ಕೆ ಬಂದವರು. ಈ ಕೆಲಸದ ದಿಕ್ಕು ಬದಲಾಗಿದ್ದು ಅವರಿಂದ. ಅವರು ಹವಾಲ್ದಾರರನ್ನೇ ಕೇಳಿದರು: ಸರ್, ಬೆಳಿಗ್ಗೆ ಎದ್ದ ಮೇಲೆ ಯಾರನ್ನೂ ಕರೆಯದೆ ನೀವೇ ಮಾಡಬೇಕು ಅನಿಸುವ ಕೆಲಸ ಯಾವುದು?

ಹವಾಲ್ದಾರರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ನನಗ ಈ ಖೋಲಿ ಬ್ಯಾಡ್ರಿ. ಐದಕ್ಕ ಎಚ್ಚರಾಗ್ತದ. ನಾನ ಎದ್ದು ಸಂಡಾಸಕ್ಕ ಹೋಗಬೇಕು. ನಾನ ಚಾ ಮಾಡ್ಕೋಬೇಕು. ಆಮ್ಯಾಲ ಕಟ್ಟಿ ಮ್ಯಾಲ ಹೋಗಿ ಕೂಡಬೇಕು. ಇಷ್ಟ ಆದ್ರ ಸಾಕು, ಉಳಿದಿದ್ದು ಏನರ ಇರಲಿ."

ಅಲ್ಲಿಯವರೆಗೆ ಮನೆಯ ಯಾರೂ ಅವರನ್ನು ಹೀಗೆ ಕೇಳಿರಲಿಲ್ಲ. ಪ್ರೀತಿ ಕಡಿಮೆ ಇತ್ತು ಅಂತಲ್ಲ. ಎಲ್ಲರೂ ‘ಅವನಿಗೆ ತೊಂದರೆ ಆಗಬಾರದು’ ಅಂತಲೇ ಯೋಚಿಸಿ, ಅವರು ಎಲ್ಲಿಗೂ ಹೋಗುವ ಅಗತ್ಯವೇ ಬೀಳದಂಥ ಖೋಲಿ ಕಟ್ಟಿಕೊಟ್ಟಿದ್ದರು. ಅವರಿಗೆ ಬೇಕಾಗಿದ್ದದ್ದು ಹೋಗುವ ದಾರಿ.

ಚಾವಣಿ ಕೆಲಸ ಅಲ್ಲಿಗೇ ನಿಲ್ಲಿಸಿದೆವು. ಹಣ ಹೆಚ್ಚು ಉಳಿದಿರಲಿಲ್ಲ. ಹಾಗಾಗಿ ಒಂದು ನಿಯಮ ಮಾಡಿಕೊಂಡೆವು: ಮಂಚ, ಸಂಡಾಸು, ಚಹಾ, ಕಟ್ಟೆ. ಈ ನಾಲ್ಕರ ದಾರಿಗೆ ಅಡ್ಡ ಬರುವುದನ್ನು ಮಾತ್ರ ಮುಟ್ಟುವುದು. ಬೇರೆ ಕೋಣೆ, ಬೇರೆ ಬಾಗಿಲು ಹಾಗೇ ಇರಲಿ.

ಹೊಸ್ತಿಲಿನ ಮಾತು

ಮಂಚ ಪಡಸಾಲೆಗೆ ಬಂತು. ಇದ್ದ ಮಂಚವನ್ನು ಬಿಟ್ಟು ಮನೆಯ ಹಳೇ ಕಟ್ಟಿಗೆ ಮಂಚ ತೆಗೆಸಿ, ಬಡಿಗೇರರನ್ನು ಕರೆದು ಕಾಲು ಕೊಯ್ಸಿ, ಹಾಸಿಗೆ ಸೇರಿ ಕುರ್ಚಿಯ ದಿಂಬಿನ ಮಟ್ಟಕ್ಕೆ ತಂದೆವು. ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಕಡಿಮೆ ಖರ್ಚು ಇದಕ್ಕೇ. ಅವತ್ತು ರಾತ್ರಿಯೇ ಅವರು ತಾವಾಗಿ ಮಂಚಕ್ಕೆ ದಾಟಿದರು. ಇಂಥ ಮನೆಗೆ ಯಾರಾದರೂ ಹೋದರೆ ಮೊದಲು ಟೇಪು ಹಿಡಿದು ಮಂಚದ ಎತ್ತರ ನೋಡಿ ಅಂತ ಹೇಳುತ್ತೇನೆ.

ಕಷ್ಟದ್ದು ತಲಬಾಗಿಲು. ಅಂಗವಿಕಲರಿಗೂ ಅನುಕೂಲವಾಗುವಂತೆ ಕಟ್ಟಡ ಕಟ್ಟುವ ಬಗ್ಗೆ ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಳಿಜಾರು 1ಕ್ಕೆ 12 ಇರಬೇಕು ಅಂತಿದೆ. ಅಂದರೆ ಒಂದಡಿ ಏರಲು 12 ಅಡಿ ಉದ್ದ. ಬಾಗಿಲಿನ ಖಾಲಿ ಅಗಲ 900 ಮಿಲಿಮೀಟರ್, ಅಂದರೆ ಸುಮಾರು 3 ಅಡಿ. ಕುರ್ಚಿ ಪೂರ್ತಿ ತಿರುಗಲು 1500 ಮಿಲಿಮೀಟರ್, 5 ಅಡಿ. ಸಾರ್ವಜನಿಕ ಕಟ್ಟಡಗಳನ್ನು ಮನಸ್ಸಲ್ಲಿಟ್ಟು ಬರೆದ ಅಳತೆ ಇವು. ಆದರೆ ಮನೆಗೂ ಇವೇ ಒಳ್ಳೆಯ ಅಳತೆ.

ತಲಬಾಗಿಲಿನ ಎರಡೂ ಕದ ತೆರೆದರೆ ಅಗಲ ಮೂರೂವರೆ ಅಡಿ, ಅದು ಸರಿಯಾಗಿತ್ತು. ತೊಡಕಾಗಿದ್ದು ಹೊಸ್ತಿಲು. ನಾನು ಕತ್ತರಿಸೋಣ ಅಂದೆ. ತಾಯಿ ಒಪ್ಪಲಿಲ್ಲ. ದಿನಾ ಬೆಳಿಗ್ಗೆ ನೀರು ಹಾಕಿ, ಅರಿಷಿಣ ಕುಂಕುಮ ಹಚ್ಚಿ ಪೂಜೆ ಮಾಡುವ ಹೊಸ್ತಿಲು. ಮದುವೆಯಾಗಿ ಅವರು ಆ ಮನೆಗೆ ಕಾಲಿಟ್ಟಿದ್ದೂ ಅದೇ ಹೊಸ್ತಿಲು ದಾಟಿ. "ಹೊಸ್ತಿಲ ಇಲ್ಲದ ಮನಿ ಮನೀನ ಏನ್ರಿ" ಅಂತ ಕೇಳಿದರು. ತಮ್ಮನಿಗೆ ಸಿಟ್ಟು ಬಂತು, ಅಣ್ಣ ದೊಡ್ಡವನಾ ಕಟ್ಟಿಗೆ ದೊಡ್ಡದಾ ಅಂತ ಜೋರು ಮಾಡಿದರು. ಹವಾಲ್ದಾರರು ತಾಯಿಯ ಪರ ನಿಂತರು. ಕೆಲಸ ಕೆಲವು ದಿನ ಹಾಗೇ ನಿಂತಿತು.

ದಾರಿ ತೋರಿಸಿದ್ದು ಗೌಂಡಿ. ಹೊಸ್ತಿಲನ್ನು ಯಾಕೆ ಇಳಿಸಬೇಕು, ನೆಲವನ್ನೇ ಅದರ ಮಟ್ಟಕ್ಕೆ ಎತ್ತರಿಸಿದರೆ ಆಯಿತಲ್ಲ ಅಂದ. ಲೆಕ್ಕ ಹಾಕಿದರೆ ಅವನ ಮಾತು ಎಲ್ಲಾ ಕಡೆಯಿಂದಲೂ ಸರಿ ಬಂತು. ಹೊರಗಿನ ಏರು 24 ಇಂಚಿನ ಬದಲು 29 ಇಂಚಾಗುತ್ತದೆ, ಅಂದರೆ ರ‍್ಯಾಂಪ್ 24 ಅಡಿಯ ಬದಲು 29 ಅಡಿ. ಮನೆಯ ಮುಂಭಾಗ 38 ಅಡಿ ಇತ್ತು, ತಲಬಾಗಿಲು ಒಂದು ತುದಿಯಲ್ಲಿತ್ತು, ಕಟ್ಟೆಯ ಮುಂದೆ ಸ್ವಂತ ಜಾಗವೂ ಇತ್ತು. ಕಟ್ಟೆಯ ಉದ್ದಕ್ಕೇ ರ‍್ಯಾಂಪ್ ಹೋಗಲು ಅಡ್ಡಿ ಇರಲಿಲ್ಲ. ಒಳಗೆ ಪಡಸಾಲೆಗೆ ಏರಬೇಕಾದ 18 ಇಂಚಿನಲ್ಲಿ 5 ಇಂಚು ಆಗಲೇ ಕಳೆಯಿತು. ಉಳಿದ 13 ಇಂಚಿಗೆ 13 ಅಡಿ ಸಾಕು. ದನ ಕಟ್ಟುವ ಜಾಗ 22 ಅಡಿ ಉದ್ದ. ಬಾಗಿಲ ಒಳಗೆ 5 ಅಡಿ ಸಮ ಜಾಗ ಬಿಟ್ಟು, ಗೋಡೆಯ ಪಕ್ಕ ಇಳಿಜಾರು ಆರಾಮಾಗಿ ಕೂತಿತು. ಮನೆಯಲ್ಲಿದ್ದ ಎರಡು ಎಮ್ಮೆ ಹಿತ್ತಲ ಖೋಲಿಗೆ ಹೋದವು.

ಹೊಸ್ತಿಲು ಈಗ ನೆಲದಲ್ಲಿ ಕೂಡಿಕೊಂಡ ಒಂದು ಕಟ್ಟಿಗೆಯ ಪಟ್ಟಿ. ತಾಯಿ ದಿನಾ ಪೂಜೆ ಮಾಡುತ್ತಾರೆ, ಅದರ ಮೇಲೆ ಗಾಲಿ ಹಾಯುತ್ತದೆ. ಹೊಸ್ತಿಲು ತುಳಿಯಬಾರದು ಅನ್ನುವ ಮಾತು ಬರುತ್ತದೇನೋ ಅಂದುಕೊಂಡಿದ್ದೆ. ಅವರಾಗಲೇ ಅದನ್ನು ಯೋಚಿಸಿ ಮುಗಿಸಿದ್ದರು. "ಗಾಲಿಗೆ ಕಾಲ ಎಲ್ಲಿ ಅದಾವ್ರಿ" ಅಂದರು.

ಎರಿ ಮಣ್ಣಿಗೆ ಮಾಡಿದ್ದು ಹೀಗೆ. ರ‍್ಯಾಂಪಿನ ಉದ್ದಕ್ಕೂ ಸುಮಾರು 3 ಅಡಿ ಆಳ ಎರಿ ತೆಗೆದು, ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿ, ಪದರ ಪದರವಾಗಿ ನೀರು ಹೊಡೆದು ಧಮ್ಮಸ್ಸು ಮಾಡಿ, ಮೇಲೆ ಕಾಂಕ್ರೀಟ್. ರ‍್ಯಾಂಪನ್ನು ಹಳೇ ಕಟ್ಟೆಗೆ ಬಿಗಿಯಾಗಿ ಕಟ್ಟಲಿಲ್ಲ. ಹಳೇ ಪಾಯ ಕೂತು ಗಟ್ಟಿಯಾಗಿದೆ, ಹೊಸದು ಸ್ವಲ್ಪ ಆಡಿಯೇ ಆಡುತ್ತದೆ. ಎರಡನ್ನೂ ಸೇರಿಸಿದರೆ ಮತ್ತೆ ಒಡೆಯುತ್ತದೆ. ನಡುವೆ ಸಂದು ಬಿಟ್ಟು, ಮೇಲೆ ಗೀರು ಇರುವ ಕಬ್ಬಿಣದ ತಗಡು ಹಾಸಿ ಒಂದೇ ಕಡೆ ಬೋಲ್ಟ್ ಹಾಕಿದೆವು. ನೆಲ ಅಲುಗಿದರೆ ತಗಡು ಜಾರಿಕೊಳ್ಳುತ್ತದೆ, ಗಾಲಿಗೆ ಸಂದು ಸಿಗುವುದಿಲ್ಲ. ಮಳೆ ನೀರು ಪಕ್ಕದಲ್ಲಿ ನಿಲ್ಲದ ಹಾಗೆ ಸಣ್ಣ ಕಾಲುವೆ. ಅಂಚಿಗೆ 4 ಇಂಚಿನ ಕಟ್ಟು, ಎರಡೂ ಕಡೆ ಹಿಡಿಕೆ. ಮೇಲ್ಮೈಯನ್ನು ಪೊರಕೆಯಿಂದ ಗೀರಿ ಒರಟು ಮಾಡಿದೆವು. ಅಂದಕ್ಕೆ ಪಾಲಿಶ್ ಮಾಡಿದ ಶಹಾಬಾದ್ ಕಲ್ಲು ಹಾಕೋಣ ಅಂತ ತಮ್ಮ ಕೇಳಿದರು. ಒದ್ದೆಯಾದರೆ ಜಾರುತ್ತದೆ, ಬೇಡ ಅಂದೆ. ಕಟ್ಟೆಯ ಒಂದು ತುದಿಯನ್ನು ರ‍್ಯಾಂಪಿನ ಮೇಲ್ಮಟ್ಟಕ್ಕೆ ಎತ್ತರಿಸಿ ಅವರು ಕೂರಲು ಜಾಗ ಮಾಡಿದೆವು. ಯಾರೋ ಲಿಫ್ಟ್ ಹಾಕಿಸಿ ಅಂತಲೂ ಹೇಳಿದ್ದರು. ಕರೆಂಟು ಹೋದಾಗ ಮನೆಯ ಹೊರಗೆ ಸಿಕ್ಕಿಕೊಳ್ಳುವ ಮನುಷ್ಯನನ್ನು ನೆನೆಸಿಕೊಂಡು ಅದನ್ನು ಬಿಟ್ಟೆವು.

ಬಚ್ಚಲು ಮತ್ತು ಚಹಾ

ಸಂಡಾಸು ಮನೆಯೊಳಗೆ, ಅದೂ ಅಡಿಗೆ ಮನೆಗೆ ಹತ್ತಿಕೊಂಡಿದ್ದ ಬಚ್ಚಲಲ್ಲಿ ಅಂದಾಗ ಮತ್ತೊಂದು ಸುತ್ತು ಮಾತಾಯಿತು. ಈ ಸಲ ಹವಾಲ್ದಾರರ ಹೆಂಡತಿ ದಾರಿ ಹುಡುಕಿದರು. ಬಚ್ಚಲಿಗೆ ಅಡಿಗೆ ಮನೆಯಿಂದ ಇದ್ದ ಬಾಗಿಲು ಮುಚ್ಚಿಬಿಡಿ, ಪಡಸಾಲೆಯಿಂದ ಹೊಸ ಬಾಗಿಲು ತೆಗೆಯಿರಿ ಅಂದರು. ಹೇಗೂ ಒಂದು ಬಾಗಿಲು ದೊಡ್ಡದು ಮಾಡಲೇಬೇಕಿತ್ತು. ಎರಡಡಿ ದಪ್ಪದ ಮಣ್ಣಿನ ಗೋಡೆ ಒಡೆಯುವುದು ಹುಡುಗಾಟ ಅಲ್ಲ, ಮೇಲೆ ಮೇಲ್ಮುದ್ದಿಯ ಭಾರ ಪೂರ್ತಿ ಇರುತ್ತದೆ. ಮೊದಲು ಜಂತಿಗಳಿಗೆ ಆಧಾರ ಕಂಬ ಕೊಟ್ಟು, ಸ್ವಲ್ಪ ಸ್ವಲ್ಪವೇ ಕಲ್ಲು ಬಿಚ್ಚಿ, ಕಬ್ಬಿಣದ ತೊಲೆ ಸೇರಿಸಿ, ಆಮೇಲೆ 3 ಅಡಿಯ ಬಾಗಿಲು. ಸರಿಯುವ ಬಾಗಿಲು ಹಾಕಿದೆವು, ಒಳಗೂ ಹೊರಗೂ ಜಾಗ ತಿನ್ನುವುದಿಲ್ಲ. ಬಚ್ಚಲನ್ನು ಹಿತ್ತಲ ಕಡೆಗೆ ಸ್ವಲ್ಪ ಹಿಗ್ಗಿಸಿ ಕುರ್ಚಿ ತಿರುಗುವಷ್ಟು ಮಾಡಿದೆವು. ಖೋಲಿಗೆ ಹಾಕಿದ್ದ ಕಮೋಡ್ ಇಲ್ಲಿಗೆ ಬಂತು, ಗುಂಡಿ ಅದೇ.

ಕಮೋಡಿನ ಯಾವ ಪಕ್ಕ ಜಾಗ ಬಿಡಬೇಕು ಅನ್ನುವುದನ್ನು ಡ್ರಾಯಿಂಗ್ ನೋಡಿ ತೀರ್ಮಾನಿಸಲು ಬರುವುದಿಲ್ಲ. ಅವರ ಬಲಭುಜದಲ್ಲಿ ಆಗಲೇ ನೋವಿತ್ತು. ವೀಲ್‌ಚೇರ್ ತಳ್ಳುವವರಲ್ಲಿ ಭುಜದ ನೋವು ತುಂಬಾ ಸಾಮಾನ್ಯ, ಅವರಿಗೆ ತೋಳೇ ಕಾಲು. ಫಿಜಿಯೊಥೆರಪಿಸ್ಟ್ ಹವಾಲ್ದಾರರನ್ನು ಖಾಲಿ ನೆಲದ ಮೇಲೆ ಸ್ಟೂಲು ಇಟ್ಟು ಎರಡೂ ಕಡೆಯಿಂದ ದಾಟಿಸಿ ನೋಡಿದರು, ಸೀಮೆಸುಣ್ಣದಿಂದ ಗುರುತು ಹಾಕಿದರು. ಪೈಪು ಬಂದಿದ್ದು ಆ ಗುರುತಿಗೆ. ಹಿಡಿಕೆ ರಾಡು ಗಟ್ಟಿ ಗೋಡೆಗೆ ಕಾಂಕ್ರೀಟಿನಲ್ಲಿ ಹುಗಿದು ಕೂರಿಸಿದ್ದು. ತಮ್ಮ ಅದಕ್ಕೆ ಜೋತುಬಿದ್ದು ನೋಡಿದ ಮೇಲೆಯೇ ಅಣ್ಣನಿಗೆ ಹಿಡಿಯಲು ಬಿಟ್ಟರು.

ನೀರು ದಿನಾ ಬರುವ ಊರಲ್ಲ ಅದು. ಹಾಗಾಗಿ ಮೇಲೆ ಟಾಕಿ, ಕಮೋಡಿನ ಪಕ್ಕ ಕೈಗೆ ಸಿಗುವ ನಲ್ಲಿ. ಬಿಸಿ ನೀರಿಗೆ ಮನೆಯಲ್ಲಿ ಒಂದು ಪದ್ಧತಿ ಮಾಡಿದ್ದಾರೆ: ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ ನೀರು, ಮೈಗೆ ಹಾಕುವ ಮೊದಲು ಹವಾಲ್ದಾರರೇ ಮೊಣಕೈ ಅದ್ದಿ ನೋಡಬೇಕು. ಮತ್ತೆ ಸುಟ್ಟಿಲ್ಲ.

ಚಹಾಕ್ಕೆ ಅಡಿಗೆ ಮನೆಯ ಬಾಗಿಲನ್ನೂ ಒಡೆಯಬೇಕು ಅಂತ ತಮ್ಮ ಹೇಳುತ್ತಿದ್ದರು. ಅದಕ್ಕೆ ದುಡ್ಡಿರಲಿಲ್ಲ, ಅಗತ್ಯವೂ ಇರಲಿಲ್ಲ. ಪಡಸಾಲೆಯ ಕಿಟಕಿ ಕೆಳಗೆ ಎರಡೂವರೆ ಅಡಿ ಎತ್ತರದ ಕಡಪ ಕಲ್ಲಿನ ಹಲಗೆ, ಕೆಳಗೆ ಮೊಣಕಾಲು ಹೋಗುವ ಜಾಗ, ಮೇಲೆ ಒಂದು ಒಲೆ, ಸಕ್ಕರೆ ಚಾಪುಡಿ ಡಬ್ಬಿ. ಬಿಸಿ ಲೋಟ ತೊಡೆಯ ಮೇಲಿಟ್ಟರೆ ಸುಡುವುದು ತಿಳಿಯುವುದಿಲ್ಲ, ಆದ್ದರಿಂದ ಅಂಚಿರುವ ಕಟ್ಟಿಗೆಯ ತಟ್ಟೆ. ಈಗ ಮನೆಯಲ್ಲಿ ಎಲ್ಲರಿಗೂ ಮುಂಜಾನೆಯ ಮೊದಲ ಚಹಾ ಅವರದೇ. ಮದುವೆಯಾದಾಗಿನಿಂದ ಹಾಸಿಗೆಯಲ್ಲಿ ಕೂತು ಚಹಾ ಕುಡಿದದ್ದು ಇದೇ ಮೊದಲು ಅಂತ ಅವರ ಹೆಂಡತಿ ಹೇಳಿದರು. ನನಗೆ ಆ ಮಾತು ಕೇಳಿ ತುಂಬಾ ಖುಷಿಯಾಯಿತು.

ಏನಾಯಿತು, ಏನು ಉಳಿಯಿತು

ಹಾಸಿಗೆ ಹುಣ್ಣು ನಿಧಾನವಾಗಿ ಮಾಗಿತು. ಮನೆ ಬದಲಾಗಿದ್ದೇ ಕಾರಣ ಅಂತ ಹೇಳಲಾರೆ, ಕುರ್ಚಿಗೆ ಒಳ್ಳೆಯ ದಿಂಬು ಬಂತು, ಡ್ರೆಸ್ಸಿಂಗ್ ಸರಿಯಾಗಿ ನಡೆಯಿತು. ಆದರೆ ಮಲಗಿಯೇ ಇರುವ ದಿನಗಳು ಮುಗಿದದ್ದು ದೊಡ್ಡ ಸಹಾಯ. ಕಟ್ಟೆಯ ಮೇಲೆ ಅವರು ಕೂರಲು ಶುರು ಮಾಡಿದ ಮೇಲೆ ಅಗ್ನಿಪಥ್ ಭರ್ತಿಗೆ ತಯಾರಿ ಮಾಡುವ ಹುಡುಗರು ಬರತೊಡಗಿದರು. ಓಟ ಹೇಗೆ, ಪುಲ್‌ಅಪ್ ಎಷ್ಟು, ಮೆಡಿಕಲ್‌ನಲ್ಲಿ ಏನು ನೋಡುತ್ತಾರೆ, ಎಲ್ಲಾ ಅಲ್ಲೇ ಮಾತಾಗುತ್ತದೆ. ಹಿತ್ತಲ ಖೋಲಿಯಲ್ಲಿದ್ದ ವರ್ಷ ಆ ಹುಡುಗರಲ್ಲಿ ಒಬ್ಬನೂ ಬಂದಿರಲಿಲ್ಲ. ಅಲ್ಲಿಗೆ ಹೋಗಬೇಕಾದರೆ ಇಡೀ ಮನೆ ದಾಟಿ ಹೋಗಬೇಕಿತ್ತು.

ಎಲ್ಲವೂ ಸರಿಹೋಗಿಲ್ಲ. ಹೊರಗಿನ ರ‍್ಯಾಂಪ್ ಅಳತೆಗೆ ಸರಿ ಇದ್ದರೂ ಉದ್ದ ಜಾಸ್ತಿ. ನಡುವೆ ನಿಂತು ಉಸಿರು ತೆಗೆದುಕೊಳ್ಳಲು ಸಮ ಜಾಗ ಕೊಡಲು ಆಗಲಿಲ್ಲ. ಬೆಳಿಗ್ಗೆ ಒಬ್ಬರೇ ಹತ್ತುತ್ತಾರೆ, ಸಂಜೆ ದಣಿದಾಗ ಯಾರಾದರೂ ತಳ್ಳಬೇಕು. ಬಲಭುಜದ ನೋವು ಹಾಗೇ ಇದೆ. ಕಬ್ಬಿಣದ ತಗಡಿನ ಬೋಲ್ಟನ್ನು ಪ್ರತಿ ಬೇಸಿಗೆಯ ಕೊನೆಗೆ ನೋಡಬೇಕು, ಗೌಂಡಿ ಬಂದು ನೋಡಿ ಹೋಗುತ್ತಾನೆ.

ಇಂಥ ಕೆಲಸಕ್ಕೆ ಹೋಗುವವರಿಗೆ ಒಂದು ಮಾತು ಹೇಳಬೇಕು. ಗಾಯಗೊಂಡ ಸೈನಿಕರು ಆಸ್ಪತ್ರೆ ಅಥವಾ ಪುನರ್ವಸತಿ ಕೇಂದ್ರದಲ್ಲಿ ಇರುವಾಗಲೇ ಮನೆಯವರು ಮನೆಯ ಅಳತೆ, ಮೊಬೈಲಿನಲ್ಲಿ ತೆಗೆದ ವಿಡಿಯೊ ಅಲ್ಲಿನ ಥೆರಪಿಸ್ಟರಿಗೆ ಕಳಿಸಲಿ. ಕುರ್ಚಿಯ ಅಗಲ, ದಿಂಬಿನ ಎತ್ತರ, ಯಾವ ತೋಳು ಗಟ್ಟಿ, ಯಾವ ಕಡೆಯಿಂದ ದಾಟುತ್ತಾರೆ ಅನ್ನುವುದನ್ನು ಬರೆದು ತರಲಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಮೊದಲೇ ಹೋಗಿ ಯಾವ ನೆರವಿದೆ ಕೇಳಲಿ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಲಿ. ಕೈಗೆ ಬಂದ ಹಣವನ್ನೆಲ್ಲ ಒಂದೇ ಸಲ ಕಟ್ಟಡಕ್ಕೆ ಹಾಕಬೇಡಿ. ಮೊದಲು ಮಂಚ, ಆಮೇಲೆ ಸಂಡಾಸು, ಆಮೇಲೆ ಬಾಗಿಲು. ಪ್ರತಿ ಹಂತದಲ್ಲೂ ಅವರು ಕೆಲವು ವಾರ ಬಳಸಿ ನೋಡಲಿ. ಹವಾಲ್ದಾರರ ಮನೆಯಲ್ಲಿ ಉಳಿದಿದ್ದ ಸ್ವಲ್ಪ ಹಣ ಇಷ್ಟು ಕೆಲಸಕ್ಕೆ ಸಾಕಾದದ್ದು ಹೀಗೆ ಮಾಡಿದ್ದರಿಂದಲೇ.

ಈಗ ಅವರ ಪಟ್ಟಿಯಲ್ಲಿ ಐದನೆಯದೊಂದು ಸೇರಿದೆ: ಊರ ಶಾಲೆಯ ಮೈದಾನ. ಹುಡುಗರ ಓಟ ಅಲ್ಲೇ ನಡೆಯುವುದು. ರ‍್ಯಾಂಪ್ ಇಳಿದ ಕೂಡಲೇ ಚರಂಡಿ, ಅದರ ಮೇಲಿನ ಹಾಸುಗಲ್ಲು ಒಡೆದಿದೆ. ಅದನ್ನು ಬದಲಿಸಿ, ಮೈದಾನದ ಗೇಟಿನ ಹತ್ತಿರದ ಒಂದು ಮೆಟ್ಟಿಲನ್ನು ಇಳಿಜಾರು ಮಾಡಿಕೊಡಿ ಅಂತ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದಾರೆ. ಅಳತೆ ಹಾಕಿ ನಕ್ಷೆ ನಾನು ಬರೆದುಕೊಟ್ಟಿದ್ದೇನೆ, ಸಹಿ ಹುಡುಗರೆಲ್ಲರದೂ ಇದೆ.